ನೋವಿಲ್ಲದ ಗಾಯಕ್ಕೇ ಹೆದರಬೇಕು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆರೋಗ್ಯ ವಿಭಾಗದ ಕಾರ್ಯಕರ್ತೆಯರು ನೀಡಿದ ಮಾಹಿತಿಯ ಬರಹ ರೂಪ)



ಉಳಿತಾಯ, ಸಾಲ ಮರುಪಾವತಿ, ಲೆಕ್ಕದ ಪುಸ್ತಕ, ಇವುಗಳ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಇವತ್ತು ಕಾಲಿನ ಬಗ್ಗೆ ಮಾತಾಡೋಣ. "ಕಾಲಿನ ಬಗ್ಗೆ ಮಾತಾಡೋಕೆ ಏನಿದೆ?" ಅಂತ ನಿಮಗೆ ನಗು ಬರಬಹುದು. ನಾವು ಮುಖ ತೊಳೆಯುತ್ತೇವೆ, ತಲೆ ಬಾಚುತ್ತೇವೆ, ಕನ್ನಡಿ ನೋಡುತ್ತೇವೆ. ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ನಮ್ಮ ಭಾರ ಹೊರುವ ಪಾದವನ್ನು ನೆನೆಯುವುದು ಮುಳ್ಳು ಚುಚ್ಚಿದಾಗ ಮಾತ್ರ. ಮುಳ್ಳು ಚುಚ್ಚಿದರೂ ಗೊತ್ತಾಗದಿದ್ದರೆ? ಇವತ್ತಿನ ವಿಷಯ ಅದೇ.

ನಮ್ಮ ನಡುವೆಯೇ ನಡೆದದ್ದು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮದೇ ಒಂದು ಸಂಘದ ಸದಸ್ಯೆ. ಎಂಟು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ಕೆಲವೊಮ್ಮೆ ತಗೊಳ್ಳೋದು, ಕೆಲವೊಮ್ಮೆ ಬಿಡೋದು. ಒಂದು ದಿನ ಅವರ ಚಪ್ಪಲಿಯ ಅಡಿಯಿಂದ ಸಣ್ಣ ಮೊಳೆಯೊಂದು ಒಳಗೆ ಬಂದಿತ್ತು. ಎರಡು ದಿನ ಅದೇ ಚಪ್ಪಲಿ ಹಾಕಿಕೊಂಡು ತೋಟದ ಕೆಲಸಕ್ಕೆ ಹೋದರು. ಏನೂ ಗೊತ್ತಾಗಲಿಲ್ಲ. ಮೊಮ್ಮಗಳು ನೆಲದ ಮೇಲೆ ರಕ್ತದ ಕಲೆ ನೋಡಿ, "ಅಜ್ಜಿ, ನಿನ್ನ ಕಾಲು" ಅಂದಾಗಲೇ ಗೊತ್ತಾದದ್ದು. ಅರಿಸಿನ ಹಚ್ಚಿ ಬಟ್ಟೆ ಕಟ್ಟಿಕೊಂಡರು. "ನೋವೇ ಇಲ್ಲವಲ್ಲ, ಆಸ್ಪತ್ರೆ ಯಾಕೆ?" ಅಂತ ಸುಮ್ಮನಾದರು.

ಆ ವಾರ ಅವರು ಸಂಘದ ಸಭೆಗೆ ಬಂದರು. ಮುಂದಿನ ವಾರವೂ ಬಂದರು. ಚಾಪೆಯ ಮೇಲೆ ನಮ್ಮ ಪಕ್ಕದಲ್ಲೇ ಕೂತು ಉಳಿತಾಯ ಕಟ್ಟಿದರು. ನಾವೂ ಅಲ್ಲೇ ಇದ್ದೆವು. ಕಾಲಿಗೆ ಕಟ್ಟಿದ ಬಟ್ಟೆಯನ್ನು ನಾವೆಲ್ಲರೂ ನೋಡಿದ್ದೇವೆ. ಬಿಚ್ಚಿ ತೋರಿಸಿ ಅಂತ ಒಬ್ಬರೂ ಕೇಳಲಿಲ್ಲ. ಮೂರನೇ ವಾರ ಜ್ವರ ಬಂತು, ಪಾದ ಕಪ್ಪಾಯಿತು. ಆಸ್ಪತ್ರೆಯಲ್ಲಿ ಮೊದಲು ಎರಡು ಬೆರಳು ತೆಗೆದರು. ಆಮೇಲೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು. ಹಸು ತರಲು ಅಂತ ಪಡೆದ ಸಾಲ ಆಸ್ಪತ್ರೆಗೆ ಹೋಯಿತು. ಕೂಲಿ ನಿಂತಿತು. ಮಗಳು ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾಯಿತು.

ಇದನ್ನು ಯಾರ ಮೇಲೂ ತಪ್ಪು ಹೊರಿಸಲು ಹೇಳುತ್ತಿಲ್ಲ. ತಪ್ಪು ಇದ್ದರೆ ನಮ್ಮದೂ ಇದೆ. ನಮಗೂ ಆಗ ತಿಳಿದಿರಲಿಲ್ಲ. ಆ ಸಹೋದರಿಯೇ, "ನನ್ನ ವಿಷಯ ಎಲ್ಲ ಸಂಘದಲ್ಲೂ ಹೇಳಿ, ಇನ್ನೊಬ್ಬರಿಗೆ ಹೀಗಾಗೋದು ಬೇಡ" ಅಂದಿದ್ದಾರೆ.

ನೋವು ಯಾಕೆ ಆಗಲಿಲ್ಲ?

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿಯೇ ಇದ್ದರೆ ನರಗಳು ಕೆಡುತ್ತವೆ. ಸಾಮಾನ್ಯವಾಗಿ ಇದು ಮೊದಲು ಕಾಣಿಸುವುದು ಕಾಲಿನ ಬೆರಳುಗಳಲ್ಲಿ. ಕೆಲವರಿಗೆ ಜುಮುಜುಮು, ಉರಿ ಇರುತ್ತದೆ. ಕೆಲವರಿಗೆ ಯಾವ ಸೂಚನೆಯೂ ಇಲ್ಲದೆ ಸ್ಪರ್ಶ ಜ್ಞಾನ ಹೋಗುತ್ತದೆ. ಜೊತೆಗೆ ಕಾಲಿಗೆ ರಕ್ತ ಒಯ್ಯುವ ನಾಳಗಳೂ ಕಿರಿದಾಗುತ್ತವೆ. ಹೊಗೆಸೊಪ್ಪು, ಬೀಡಿ ಸೇದುವ ಅಭ್ಯಾಸ ಇದ್ದರೆ ಇನ್ನೂ ಬೇಗ. ಹೀಗಾಗಿ ಗಾಯ ಆದದ್ದು ಗೊತ್ತಾಗಲ್ಲ, ಆದ ಗಾಯ ಬೇಗ ಮಾಯಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವ 100 ಜನರಲ್ಲಿ ಸುಮಾರು 85 ಜನರಿಗೆ ಅದು ಶುರುವಾಗುವುದು ಪಾದದ ಒಂದು ಹುಣ್ಣಿನಿಂದ. ಅಂದರೆ ಆ ಹುಣ್ಣನ್ನು ಬರದ ಹಾಗೆ ನೋಡಿಕೊಂಡರೆ, ಬಂದ ದಿನವೇ ಕಂಡುಹಿಡಿದರೆ ಹೆಚ್ಚಿನ ಕಾಲುಗಳನ್ನು ಉಳಿಸಬಹುದು.

ಈ ಪಾಠವನ್ನು ಜಗತ್ತಿಗೆ ಕಲಿಸಿದವರಲ್ಲಿ ಒಬ್ಬರು ನಮ್ಮ ಪಕ್ಕದ ತಮಿಳುನಾಡಿನಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್. 1914ರಲ್ಲಿ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳಿಗೆ ಚಿಕಿತ್ಸೆ ಮಾಡುತ್ತಿದ್ದರು. ಕುಷ್ಠರೋಗದಿಂದ ಬೆರಳು ತಾನಾಗಿಯೇ ಕೊಳೆತು ಉದುರುತ್ತದೆ ಅಂತ ಆಗ ಎಲ್ಲರೂ ನಂಬಿದ್ದರು. ಹಾಗಲ್ಲ, ನೋವು ತಿಳಿಯದೆ ಮತ್ತೆ ಮತ್ತೆ ಆಗುವ ಗಾಯದಿಂದ ಬೆರಳು ಹೋಗುತ್ತದೆ ಎಂದು ಅವರು ತೋರಿಸಿದರು. ರಾತ್ರಿ ಮಲಗಿದಾಗ ಇಲಿ ಕಚ್ಚಿದರೂ ಆ ರೋಗಿಗಳಿಗೆ ಎಚ್ಚರ ಆಗುತ್ತಿರಲಿಲ್ಲ. ಅದಕ್ಕೆ ಬೆಕ್ಕು ಸಾಕಿಕೊಳ್ಳಿ ಎಂದು ಹೇಳಬೇಕಾಯಿತು. 1966ರಲ್ಲಿ ಅಮೆರಿಕಕ್ಕೆ ಹೋದ ಮೇಲೆ, ಸಕ್ಕರೆ ಕಾಯಿಲೆಯವರ ಕಾಲಿಗೂ ಇದೇ ಕಥೆ ಎಂದು ಅವರು ಕಂಡುಕೊಂಡರು. ನೋವು ನಮ್ಮ ಶತ್ರು ಅಲ್ಲ, ಕಾವಲುಗಾರ. ಕಾವಲುಗಾರ ಇಲ್ಲದ ಮನೆಗೆ ನಾವೇ ಕಾವಲು ಕೂರಬೇಕು.

ಕಾಲು ನೋಡುವವರು ಯಾರು?

ಹಲ್ಲಿಗೆ ಡಾಕ್ಟರು ಇದ್ದಾರೆ, ಕಣ್ಣಿಗೆ ಡಾಕ್ಟರು ಇದ್ದಾರೆ. ಕಾಲಿಗೆ? ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಪಾದವನ್ನೇ ನೋಡಿಕೊಳ್ಳುವ ತಜ್ಞರಿದ್ದಾರೆ. ಅವರಿಗೆ ಪೋಡಿಯಾಟ್ರಿಸ್ಟ್ ಅಂತ ಹೆಸರು. ಮೂರು ನಾಲ್ಕು ವರ್ಷ ಓದಿ, ಹೆಸರು ನೋಂದಾಯಿಸಿದವರು ಮಾತ್ರ ಅಲ್ಲಿ ಆ ಹೆಸರು ಹಾಕಿಕೊಳ್ಳಬಹುದು. ಆಣಿ ತೆಗೆಯುವುದು, ದಪ್ಪವಾದ ಉಗುರು ಕತ್ತರಿಸುವುದು, ಸ್ಪರ್ಶ ಮತ್ತು ರಕ್ತ ಸಂಚಾರ ಪರೀಕ್ಷಿಸುವುದು, ಸರಿಯಾದ ಚಪ್ಪಲಿ ಹೇಳುವುದು, ಹುಣ್ಣಿಗೆ ಆರೈಕೆ ಮಾಡುವುದು ಅವರ ಕೆಲಸ.

ನಮ್ಮ ದೇಶದಲ್ಲಿ ಇಂಥ ತಜ್ಞರು ತೀರಾ ಕಡಿಮೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇಷ್ಟು ಜನರ ಕಾಲು ನೋಡಲು ತಜ್ಞರು ಎಲ್ಲಿಂದ ಬರಬೇಕು? ಕೆಲಸ ಆಗಿಯೇ ಇಲ್ಲ ಅಂತಲ್ಲ. ಸುಮಾರು 20 ವರ್ಷಗಳ ಹಿಂದೆ "ಸ್ಟೆಪ್ ಬೈ ಸ್ಟೆಪ್" ಎಂಬ ಯೋಜನೆಯಲ್ಲಿ ದೇಶದ ಹಲವು ಕಡೆಯ ವೈದ್ಯರಿಗೆ, ದಾದಿಯರಿಗೆ ಪಾದದ ಆರೈಕೆಯ ತರಬೇತಿ ಕೊಟ್ಟರು. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆಯಲ್ಲಿ ಪಾದಕ್ಕೆಂದೇ ವಿಭಾಗ ಇದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಪೋಡಿಯಾಟ್ರಿಸ್ಟ್ ಹೆಸರೂ ಸೇರಿದೆ. ಆದರೆ ಆ ತಜ್ಞರು ನಮ್ಮ ಹಳ್ಳಿಯವರೆಗೆ ಬರಲು ಇನ್ನೂ ಕಾಲ ಬೇಕು. ಅಲ್ಲಿಯವರೆಗೆ ಮೊದಲ ತಪಾಸಣೆ ನಮ್ಮಿಂದಲೇ, ನಮ್ಮ ಚಾಪೆಯ ಮೇಲೆಯೇ ಆಗಬೇಕು.

ಆರು ಬೆರಳು ಮುಟ್ಟುವ ಪರೀಕ್ಷೆ

ಆಸ್ಪತ್ರೆಯಲ್ಲಿ ನೈಲಾನ್ ಎಳೆಯೊಂದನ್ನು ಪಾದಕ್ಕೆ ಒತ್ತಿ ಸ್ಪರ್ಶ ಪರೀಕ್ಷೆ ಮಾಡುತ್ತಾರೆ. ಯಾವ ಸಾಧನವೂ ಇಲ್ಲದೆ ಮಾಡುವ ಪರೀಕ್ಷೆಯನ್ನು ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ್ದಾರೆ. ನಾವು ಯಾರು ಬೇಕಾದರೂ ಮಾಡಬಹುದು.

1. ಸಕ್ಕರೆ ಕಾಯಿಲೆ ಇರುವ ಸದಸ್ಯೆ ಚಪ್ಪಲಿ, ಕಾಲುಚೀಲ ತೆಗೆದು ಕಾಲು ಚಾಚಿ ಕೂರಬೇಕು. ಮೊದಲು ಎಡ ಯಾವುದು, ಬಲ ಯಾವುದು ಅಂತ ಮುಟ್ಟಿ ತೋರಿಸಿ. ಆಮೇಲೆ ಅವರು ಕಣ್ಣು ಮುಚ್ಚಲಿ.

2. ನಿಮ್ಮ ತೋರುಬೆರಳ ತುದಿಯಿಂದ ಅವರ ಬೆರಳ ತುದಿಯನ್ನು ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಿ. ಒತ್ತಬಾರದು, ಸವರಬಾರದು, ಬಡಿಯಬಾರದು.

3. ಬಲಗಾಲಿನ ಹೆಬ್ಬೆರಳು, ಕಿರುಬೆರಳು. ಎಡಗಾಲಿನ ಹೆಬ್ಬೆರಳು, ಕಿರುಬೆರಳು. ಆಮೇಲೆ ಬಲ ಮತ್ತು ಎಡದ ನಡುಬೆರಳು. ಒಟ್ಟು ಆರು. ಮುಟ್ಟಿದ್ದು ಗೊತ್ತಾದಾಗ ಅವರು "ಬಲ" ಅಥವಾ "ಎಡ" ಅಂತ ಹೇಳಬೇಕು.

4. ಒಂದು ಬೆರಳನ್ನು ಒಮ್ಮೆ ಮಾತ್ರ ಮುಟ್ಟಬೇಕು. ಗೊತ್ತಾಗಲಿಲ್ಲ ಅಂತ ಮತ್ತೊಮ್ಮೆ ಮುಟ್ಟಿ ನೋಡುವ ಹಾಗಿಲ್ಲ.

ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳು ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಅಂತ ತಿಳಿಯಬೇಕು. ಹೆದರಿಸಬೇಡಿ, ತಾಲೂಕು ಆಸ್ಪತ್ರೆಯ ಎನ್.ಸಿ.ಡಿ. ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ. "ನನ್ನ ಕಾಲನ್ನೂ ನೋಡಿ ಸಾರ್" ಅಂತ ಕೇಳುವುದು ನಮ್ಮ ಹಕ್ಕು. ಪರೀಕ್ಷೆಯಲ್ಲಿ ಎಲ್ಲ ಸರಿ ಇದ್ದರೂ ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಾಲು ತೋರಿಸಬೇಕು. ಒಮ್ಮೆ ಹುಣ್ಣಾಗಿ ಮಾಯ್ದವರು ಒಂದರಿಂದ ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ದಿನಾ ಮಾಡುವ ಕೆಲಸ

ಸಂಜೆ ಕೆಲಸ ಮುಗಿದ ಮೇಲೆ ಕಾಲು ತೊಳೆದು, ಬೆರಳ ಸಂದಿಯನ್ನು ಚೆನ್ನಾಗಿ ಒರೆಸಿ. ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ಇದು ಬಹಳ ಮುಖ್ಯ. ಪಾದದ ಅಡಿ ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಇಲ್ಲವೇ ಮಗಳಿಗೆ, ಸೊಸೆಗೆ ತೋರಿಸಿ. ಹಿಮ್ಮಡಿ ಒಡೆದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳ ಸಂದಿಗೆ ಮಾತ್ರ ಬೇಡ. ಕಾಲುಂಗುರ ಬಿಗಿಯಾಗಿದ್ದರೆ ಅದರ ಅಡಿಯ ಚರ್ಮವನ್ನೂ ನೋಡಿ.

ಬಿಸಿನೀರಿಗೆ ಕಾಲು ಹಾಕುವ ಮೊದಲು ಮೊಣಕೈಯಿಂದ ಮುಟ್ಟಿ ನೋಡಿ. ಚಳಿಗೆ ಒಲೆಯ ಹತ್ತಿರ ಕಾಲು ಚಾಚಬೇಡಿ. ಸ್ಪರ್ಶ ಇಲ್ಲದ ಕಾಲು ಸುಟ್ಟರೂ ಗೊತ್ತಾಗಲ್ಲ. ಮನೆಯೊಳಗೂ ಬರಿಗಾಲು ಬೇಡ. ಚಪ್ಪಲಿ ಹಾಕುವ ಮೊದಲು ಕೊಡವಿ, ಒಳಗೆ ಕೈಯಾಡಿಸಿ. ಆ ಸಹೋದರಿ ಇಷ್ಟು ಮಾಡಿದ್ದರೆ ಮೊಳೆ ಕೈಗೆ ಸಿಗುತ್ತಿತ್ತು. ಸ್ಪರ್ಶ ಕಡಿಮೆ ಇದ್ದವರಿಗೆ ಹವಾಯಿ ಚಪ್ಪಲಿ ಸರಿಯಲ್ಲ. ಹಿಂದೆ ಪಟ್ಟಿ ಇರುವ, ಒಳಗೆ ಮೆತ್ತನೆಯ ಎಂ.ಸಿ.ಆರ್. ರಬ್ಬರ್, ಅಡಿಯಲ್ಲಿ ಗಟ್ಟಿ ಅಟ್ಟೆ ಇರುವ ಚಪ್ಪಲಿ ಒಳ್ಳೆಯದು. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತದೆ, ಆಗಲೇ ಅಳತೆ ನೋಡಿ ಕೊಳ್ಳಿ.

ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯಲ್ಲಿ ಚರ್ಮ ಸುಡುವ ಆಮ್ಲ ಇರುತ್ತದೆ, ಅದೂ ಬೇಡ.

ಬ್ಯೂಟಿ ಪಾರ್ಲರ್ ನಡೆಸುವ ಸಹೋದರಿಯರಿಗೆ ಒಂದು ಮಾತು. ತರಬೇತಿ ಪಡೆದು, ಸಾಲ ಮಾಡಿ ಪಾರ್ಲರ್ ಹಾಕಿದ್ದೀರಿ, ನಮಗೆ ಹೆಮ್ಮೆ. ಆದರೆ ಪೆಡಿಕ್ಯೂರ್ ಬೇರೆ, ಪಾದ ಚಿಕಿತ್ಸೆ ಬೇರೆ. ಗಿರಾಕಿ ಕಾಲನ್ನು ನೀರಿಗೆ ಹಾಕುವ ಮೊದಲೇ "ಶುಗರ್ ಇದೆಯಾ ಅಕ್ಕಾ?" ಅಂತ ಕೇಳಿ. ಇದ್ದರೆ ಬ್ಲೇಡು, ಕಲ್ಲು ಮುಟ್ಟಿಸಬೇಡಿ. ಒಂದು ಗಿರಾಕಿಯ ದುಡ್ಡು ಹೋಗಬಹುದು, ಒಂದು ಕಾಲು ಉಳಿಯುತ್ತದೆ.

ಗಾಯ ಆದರೆ

ಶುದ್ಧ ನೀರಿನಲ್ಲಿ ತೊಳೆದು, ಒಗೆದ ಬಟ್ಟೆಯಿಂದ ಮುಚ್ಚಿ, ಅದೇ ದಿನ, ತಪ್ಪಿದರೆ ಮರುದಿನ ಡಾಕ್ಟರಿಗೆ ತೋರಿಸಿ. ಅರಿಸಿನ, ಸುಣ್ಣ, ಕಾಫಿಪುಡಿ ಹಾಕಿ ಮುಚ್ಚಬೇಡಿ. ಕೆಂಪಾಗಿ ಊದಿಕೊಂಡರೆ, ಕೀವು, ವಾಸನೆ, ಜ್ವರ ಇದ್ದರೆ, ಬೆರಳು ಕಪ್ಪಾದರೆ ಒಂದು ಗಂಟೆಯೂ ಕಾಯಬಾರದು. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಬಿಸಿಯಾಗಿ ಊದಿಕೊಂಡರೂ ಕೂಡಲೇ ತೋರಿಸಿ. ಒಳಗೆ ಮೂಳೆ ಮುರಿಯುತ್ತಿರಬಹುದು.

ಔಷಧಿಯಷ್ಟೇ ಮುಖ್ಯವಾದದ್ದು ಆ ಕಾಲನ್ನು ಊರದೆ ಇರುವುದು. ಮಾಯುತ್ತಿರುವ ಹುಣ್ಣಿನ ಮೇಲೆ ನಡೆದರೆ ಅದು ಮತ್ತೆ ಒಡೆಯುತ್ತದೆ. ಹೇಳೋದು ಸುಲಭ. ನೀರು ಯಾರು ತರಬೇಕು, ಹಸುವಿಗೆ ಹುಲ್ಲು ಯಾರು ಹಾಕಬೇಕು? ಹೆಂಗಸರು ಹುಣ್ಣಿನ ಮೇಲೆ ನಡೆಯುವುದು ತಿಳಿಯದೆ ಅಲ್ಲ, ಬೇರೆ ದಾರಿ ಇಲ್ಲದೆ. ಸಂಘ ಬೇಕಾಗುವುದು ಇಲ್ಲಿಯೇ.

ನಮ್ಮ ತೀರ್ಮಾನ ಏನಾಗಬೇಕು?

ನಾಲ್ಕು ವಿಷಯಗಳನ್ನು ನಿಮ್ಮ ಮುಂದೆ ಇಡುತ್ತೇವೆ. ಚರ್ಚಿಸಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

• ಸಕ್ಕರೆ ಕಾಯಿಲೆ ಇರುವ ಸದಸ್ಯೆಯರ ಪಟ್ಟಿ ಮಾಡುವುದು. 30 ವರ್ಷ ದಾಟಿದವರು ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು.

• ತಿಂಗಳಿಗೆ ಒಂದು ಸಭೆಯಲ್ಲಿ ಹತ್ತು ನಿಮಿಷ ಪಾದ ನೋಡುವುದು. ಸ್ಪರ್ಶ ಪರೀಕ್ಷೆ ಮಾಡಿ ದಿನಾಂಕ ಬರೆಯುವುದು.

• ಕಾಲಿನ ಗಾಯಕ್ಕೆ ತುರ್ತು ಸಾಲವನ್ನು ಮುಂದಿನ ಸಭೆಯವರೆಗೆ ಕಾಯಿಸದೆ ಕೊಡುವುದು.

• ಗಾಯವಾದ ಸದಸ್ಯೆಯ ನೀರು, ಹಸುವಿನ ಕೆಲಸವನ್ನು ಸರದಿಯ ಪ್ರಕಾರ ಹಂಚಿಕೊಳ್ಳುವುದು.

ಕಾಲು ಕಳೆದುಕೊಂಡ ಆ ಸಹೋದರಿ ಈಗಲೂ ಸಭೆಗೆ ಬರುತ್ತಾರೆ. ಚಾಪೆಯ ಮೇಲೆ ಕೂರಲು ಆಗುವುದಿಲ್ಲ, ಅವರಿಗಾಗಿ ಒಂದು ಕುರ್ಚಿ ಇಟ್ಟಿದ್ದೇವೆ. ಯಾರಾದರೂ ಕುಂಟುತ್ತಾ ಬಂದರೆ, ಉಳಿತಾಯದ ಹಣ ಎಣಿಸುವ ಮೊದಲೇ ಅವರು ಕೇಳುವುದು ಒಂದೇ ಮಾತು: "ಎಲ್ಲಿ, ಕಾಲು ತೋರಿಸು ನೋಡೋಣ."

ಇನ್ನು ಮುಂದೆ ನಾವೆಲ್ಲರೂ ಆ ಮಾತು ಕೇಳೋಣ.  ಈಗ ಪಕ್ಕದಲ್ಲಿ ಕೂತಿರುವವರ ಕಡೆ ತಿರುಗಿ. ಆರು ಬೆರಳಿನ ಪರೀಕ್ಷೆಯನ್ನು ಇಲ್ಲೇ ಶುರು ಮಾಡೋಣ.