ಯಂತ್ರ ಬರುವ ಮುನ್ನ
(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಂಘದ ಚಿಕಿತ್ಸಾಲಯವನ್ನು ಕಂಪ್ಯೂಟರೀಕರಣಗೊಳಿಸಬೇಕು, ಸಾಧ್ಯವಾದರೆ ಎರಡು ಡಯಾಲಿಸಿಸ್ ಯಂತ್ರಗಳನ್ನೂ ತರಬೇಕು ಎಂದು ತಾವು ಆಲೋಚಿಸುತ್ತಿರುವ ವಿಷಯ ತಿಳಿದು ಸಂತೋಷವಾಯಿತು. ಸಂತೋಷದ ಜೊತೆಗೆ ಸ್ವಲ್ಪ ಭಯವೂ ಆಯಿತು ಎಂದರೆ ತಪ್ಪು ತಿಳಿಯಬಾರದು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಆಸ್ಪತ್ರೆಯ ಯಂತ್ರಗಳ ನಿರ್ವಹಣೆಯಲ್ಲೇ ಕಳೆದವನು ನಾನು. ಯಂತ್ರ ಕೆಟ್ಟು ಆದ ನಷ್ಟಕ್ಕಿಂತ, ಅದು ಬರುವ ಮೊದಲು ಮಾಡಬೇಕಾದ ಕೆಲಸ ಮಾಡದೆ ಆದ ನಷ್ಟವನ್ನೇ ಹೆಚ್ಚು ಕಂಡಿದ್ದೇನೆ. ಆದ್ದರಿಂದ ಇಂದು ಯಾವ ಕಂಪೆನಿಯ ಯಂತ್ರ ಒಳ್ಳೆಯದು ಎಂಬ ಬಗ್ಗೆ ನಾನು ಮಾತಾಡುವುದಿಲ್ಲ.

2011ರ ಒಂದು ಘಟನೆಯನ್ನು ಹೇಳುತ್ತೇನೆ. ಒಂದು ಸಣ್ಣ ಪಟ್ಟಣದ ಧರ್ಮಾರ್ಥ ಆಸ್ಪತ್ರೆಗೆ ವಿದೇಶದಲ್ಲಿದ್ದ ದಾನಿಯೊಬ್ಬರು ಮೂರು ಡಯಾಲಿಸಿಸ್ ಯಂತ್ರಗಳನ್ನು ಕಳುಹಿಸಿಕೊಟ್ಟರು. ಟೇಪು ಕತ್ತರಿಸಿದ್ದಾಯಿತು, ಪತ್ರಿಕೆಯಲ್ಲಿ ಫೋಟೋ ಬಂದದ್ದಾಯಿತು. ಮರುದಿನ ಯಂತ್ರ ಚಾಲೂ ಮಾಡಲು ಹೋದಾಗ ನೀರಿನ ಪ್ರಶ್ನೆ ಎದ್ದಿತು. ಡಯಾಲಿಸಿಸ್‌ನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 500 ಮಿಲಿಲೀಟರ್ ದ್ರಾವಣ ಹರಿಯುತ್ತದೆ. ನಾಲ್ಕು ಗಂಟೆಯ ಒಂದು ಸರದಿಗೆ 120 ಲೀಟರ್. ನಾವು ನೀವು ಕುಡಿಯುವ ನೀರು ಹೊಟ್ಟೆಯ ಮೂಲಕ ಹೋಗುತ್ತದೆ, ದೇಹವು ಬೇಡದ್ದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಇಲ್ಲಿ ಆ 120 ಲೀಟರಿಗೂ ರೋಗಿಯ ರಕ್ತಕ್ಕೂ ನಡುವೆ ಇರುವುದು ಒಂದು ತೆಳುವಾದ ಪೊರೆ ಮಾತ್ರ. ನಗರಸಭೆಯ ನೀರಿನಲ್ಲಿರುವ ಕ್ಲೋರಿನ್ ಅಥವಾ ಕ್ಲೋರಮೈನ್ ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಅಲ್ಯೂಮಿನಿಯಂ ಸೇರಿದರೆ ಮೆದುಳಿಗೂ ಮೂಳೆಗೂ ಹಾನಿ. ಹಾಗಾಗಿ ಇಂಗಾಲದ ಸೋಸುವಿಕೆ, ಆರ್‌ಒ ಘಟಕ, ಪ್ರತ್ಯೇಕ ಕೊಳವೆ ಸಾಲು ಇವೆಲ್ಲ ಮೊದಲೇ ಸಿದ್ಧವಿರಬೇಕು. ಆರ್‌ಒ ಘಟಕವು ತಾನು ಪಡೆದ ನೀರಿನಲ್ಲಿ ಒಂದು ಪಾಲನ್ನು ಚರಂಡಿಗೆ ಬಿಡುತ್ತದೆ, ಆದ್ದರಿಂದ 120 ಲೀಟರಿಗಿಂತ ಎಷ್ಟೋ ಹೆಚ್ಚು ನೀರು ಬೇಕು. ಆ ಆಸ್ಪತ್ರೆಯಲ್ಲಿ ಇದ್ದದ್ದು ಒಂದು ಬೋರ್‌ವೆಲ್ ಮತ್ತು ಒಂದು ಟ್ಯಾಂಕ್. ಜನರೇಟರ್ ಸಣ್ಣದು. ತರಬೇತಿ ಪಡೆದ ತಂತ್ರಜ್ಞ ಒಬ್ಬನೂ ಇಲ್ಲ.

ಏಳು ತಿಂಗಳು ಯಂತ್ರಗಳು ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದ್ದವು. ಅದೇ ಪಟ್ಟಣದ ಒಬ್ಬ ಟೈಲರ್ ವಾರಕ್ಕೆರಡು ಬಾರಿ ಬೆಳಗಿನ ಬಸ್ಸಿನಲ್ಲಿ ದೂರದ ನಗರಕ್ಕೆ ಡಯಾಲಿಸಿಸ್‌ಗೆ ಹೋಗಿ ರಾತ್ರಿ ಬರುತ್ತಿದ್ದರು. ಆ ಬಸ್ಸು ಇದೇ ಆಸ್ಪತ್ರೆಯ ಎದುರಿನಿಂದ ಹಾದು ಹೋಗುತ್ತಿತ್ತು. ಒಂದು ದಿನ ಅವರು ನನ್ನನ್ನು ಕಂಡು, "ಯಂತ್ರ ಬಂದಿದೆಯಂತಲ್ಲ, ನನ್ನ ಸರದಿ ಯಾವಾಗ ಸಾರ್?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಯಂತ್ರಗಳನ್ನು ಸ್ವೀಕರಿಸಿದ ಕಾಗದಕ್ಕೆ ಸಹಿ ಹಾಕಿದವನು ನಾನೇ. ನೀರಿನ ಬಗ್ಗೆ ಅಂದು ಒಂದು ಮಾತು ಕೇಳಿರಲಿಲ್ಲ. ದಾನಿಯನ್ನು ಮೊದಲೇ ಕೇಳಿದ್ದರೆ, ಮೂರು ಯಂತ್ರದ ಬದಲು ಎರಡು ಯಂತ್ರ ಹಾಗೂ ಒಂದು ನೀರಿನ ಘಟಕವನ್ನು ಖಂಡಿತ ಕೊಡುತ್ತಿದ್ದರು. ಕೇಳಲು ನಮಗೆ ಸಂಕೋಚ.

ಇದು ಬಡ ಆಸ್ಪತ್ರೆಯ ಕಥೆ, ಹಣವಿದ್ದಲ್ಲಿ ಹೀಗಾಗುವುದಿಲ್ಲ ಎಂದು ತಾವು ಭಾವಿಸಬಹುದು. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಮಕ್ಕಳ ಆಸ್ಪತ್ರೆ ಹಣಕ್ಕಾಗಲೀ ಪಾಂಡಿತ್ಯಕ್ಕಾಗಲೀ ಕೊರತೆ ಇಲ್ಲದ ಸಂಸ್ಥೆ. 2002ರ ಅಕ್ಟೋಬರ್‌ನಲ್ಲಿ ಅಲ್ಲಿ ವೈದ್ಯರು ಔಷಧಿಯ ಆದೇಶಗಳನ್ನು ಕೈಯಲ್ಲಿ ಬರೆಯುವುದನ್ನು ಬಿಟ್ಟು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಬಂತು. ಉದ್ದೇಶ ಒಳ್ಳೆಯದೇ. ವೈದ್ಯರ ಅಕ್ಷರ ಓದಲಾಗದೆ ಆಗುವ ತಪ್ಪುಗಳು ನಮಗೆಲ್ಲ ಗೊತ್ತು. ಇಡೀ ಆಸ್ಪತ್ರೆಯಲ್ಲಿ ಈ ಬದಲಾವಣೆಯನ್ನು ಕೇವಲ ಆರು ದಿನಗಳಲ್ಲಿ ಮುಗಿಸಿದರು.

ಅಲ್ಲಿನ ವೈದ್ಯರೇ ಇದರ ಫಲಿತಾಂಶವನ್ನು ಅಧ್ಯಯನ ಮಾಡಿ 2005ರಲ್ಲಿ 'ಪೀಡಿಯಾಟ್ರಿಕ್ಸ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಬೇರೆ ಆಸ್ಪತ್ರೆಗಳಿಂದ ವಿಶೇಷ ಚಿಕಿತ್ಸೆಗೆ ತರಲಾದ 1942 ಮಕ್ಕಳನ್ನು ಅವರು ಪರಿಗಣಿಸಿದ್ದರು. ಕಂಪ್ಯೂಟರ್ ಬರುವ ಮೊದಲಿನ 13 ತಿಂಗಳಲ್ಲಿ ಈ ಮಕ್ಕಳ ಮರಣ ಪ್ರಮಾಣ ಶೇಕಡಾ 2.80. ಬಂದ ನಂತರದ 5 ತಿಂಗಳಲ್ಲಿ ಶೇಕಡಾ 6.57.

ಏನಾಗಿತ್ತು? ಮೊದಲು, ತೀವ್ರ ಅಸ್ವಸ್ಥ ಮಗು ಆಂಬುಲೆನ್ಸಿನಲ್ಲಿ ದಾರಿಯಲ್ಲಿರುವಾಗಲೇ ಬೇಕಾದ ಔಷಧಿಗಳನ್ನು ಬರೆದು ಸಿದ್ಧಪಡಿಸಿಡುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು, ಹೆಸರು ನೋಂದಣಿಯಾದ ಮೇಲೆಯೇ ಆದೇಶ ಹಾಕಲು ಸಾಧ್ಯ. ಕೆಲವು ಸೆಕೆಂಡುಗಳಲ್ಲಿ ಬರೆಯುತ್ತಿದ್ದ ಒಂದು ಔಷಧಿಗೆ ಈಗ ಸುಮಾರು ಹತ್ತು ಬಾರಿ ಮೌಸ್ ಒತ್ತಬೇಕು, ಒಂದೆರಡು ನಿಮಿಷ ಬೇಕು. ವಾರ್ಡಿನಲ್ಲೇ ನರ್ಸ್‌ಗಳ ಕೈಗೆ ಸಿಗುತ್ತಿದ್ದ ತುರ್ತು ಔಷಧಿಗಳು ಕೇಂದ್ರ ಔಷಧಾಲಯಕ್ಕೆ ಸ್ಥಳಾಂತರವಾಗಿದ್ದವು. ಮಗುವಿನ ಹಾಸಿಗೆಯ ಪಕ್ಕ ಇರಬೇಕಾದ ವೈದ್ಯರು ಪರದೆಯ ಮುಂದೆ ಕುಳಿತಿರಬೇಕಾಯಿತು. ತೀವ್ರ ನಿಗಾ ಘಟಕಕ್ಕೆ ಬೇಕಾದ ಸಿದ್ಧ ಆದೇಶ ಪಟ್ಟಿಗಳು ಆರಂಭದ ದಿನ ತಯಾರಿರಲಿಲ್ಲ.

ಈ ಮರಣಗಳಿಗೆ ಕಂಪ್ಯೂಟರೇ ಕಾರಣ ಎಂದು ಅಷ್ಟರಿಂದಲೇ ತೀರ್ಪು ಕೊಡಲಾಗದು. 13 ತಿಂಗಳಿಗೂ 5 ತಿಂಗಳಿಗೂ ಹೋಲಿಕೆ ಸರಿಯೇ ಎಂದು ಕೇಳಿದವರಿದ್ದಾರೆ, ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಿಯಾಟಲ್ ನಗರದ ಮಕ್ಕಳ ಆಸ್ಪತ್ರೆ 2003ರಲ್ಲಿ ಅದೇ ಕಂಪೆನಿಯ ತಂತ್ರಾಂಶವನ್ನು ಅಳವಡಿಸಿತು. ಅಲ್ಲಿ ನಿಗಾ ಘಟಕದ ಆದೇಶ ಪಟ್ಟಿಗಳು ಮೊದಲ ದಿನವೇ ಸಿದ್ಧವಿದ್ದವು. 2006ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಮರಣ ಪ್ರಮಾಣ ಏರಲಿಲ್ಲ. ಮೊದಲು ಶೇಕಡಾ 4.22 ಇದ್ದದ್ದು ನಂತರ 3.46. ಈ ಇಳಿಕೆಯನ್ನು ದೊಡ್ಡದೆಂದು ಅವರೇ ಹೇಳಿಕೊಂಡಿಲ್ಲ. ಏರಲಿಲ್ಲ ಎಂಬುದೇ ನಮಗೆ ಮುಖ್ಯ.

ಬ್ರಿಟನ್ನಿನ ಸರಕಾರವು 2002ರಲ್ಲಿ ಇಂಗ್ಲೆಂಡಿನ ಎಲ್ಲ ರೋಗಿಗಳ ದಾಖಲೆಗಳನ್ನು ಕಂಪ್ಯೂಟರಿಗೆ ತರುವ ಬೃಹತ್ ಯೋಜನೆ ಆರಂಭಿಸಿ, ಬಳಸಬೇಕಾದ ವೈದ್ಯರ ಮಾತು ಸಾಕಷ್ಟು ಕೇಳುವ ಮೊದಲೇ ಕಂಪೆನಿಗಳೊಂದಿಗೆ ಒಪ್ಪಂದ ಮಾಡಿಕೊಂಡು, ಕೊನೆಗೆ 2011ರಲ್ಲಿ ಅದನ್ನು ಕೈಬಿಟ್ಟದ್ದೂ ಇದೇ ಸಾಲಿನದು. ಅದರ ವಿವರಕ್ಕೆ ಹೋದರೆ ಊಟದ ಹೊತ್ತಾದೀತು.

ಈಗ ನಮ್ಮ ಚಿಕಿತ್ಸಾಲಯಕ್ಕೆ ಬರೋಣ. ಸಾಫ್ಟ್‌ವೇರ್ ಯಾವುದು ಎಂದು ಕೇಳುವ ಮೊದಲು ನಮ್ಮ ಹೆಸರುಗಳ ಬಗ್ಗೆ ಯೋಚಿಸಬೇಕು. ನಗಬೇಡಿ. ಮುಹಮ್ಮದ್ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತೇವೆ, ತಮ್ಮ ತಮ್ಮ ಮನೆಯ ರೇಷನ್ ಕಾರ್ಡು, ಅಂಕಪಟ್ಟಿ, ಪಾಸ್‌ಪೋರ್ಟು ತೆಗೆದು ನೋಡಿ. ಒಂದೇ ಬೀದಿಯಲ್ಲಿ ನಾಲ್ವರು ಫಾತಿಮಾಗಳು. ಹಿರಿಯರನ್ನು ಕೇಳಿದರೆ ಹುಟ್ಟಿದ ದಿನ ಜನವರಿ 1, ಇಲ್ಲವೇ ಶಾಲೆಗೆ ಸೇರಿಸಿದ ಮೇಷ್ಟ್ರ ಕೃಪೆಯಿಂದ ಜೂನ್ 1. ಕಾಗದದ ಕಾಲದಲ್ಲಿ ಕೌಂಟರಿನ ಗುಮಾಸ್ತ ಮುಖ ನೋಡಿಯೇ ಚೀಟಿ ತೆಗೆಯುತ್ತಿದ್ದ. ಕಂಪ್ಯೂಟರಿಗೆ ಮುಖದ ಪರಿಚಯವಿಲ್ಲ. ನಾನು ಕೆಲಸ ಮಾಡಿದ ಇನ್ನೊಂದು ಕಡೆ ಒಂದೇ ಹೆಸರಿನ ಇಬ್ಬರು ಮಹಿಳೆಯರ ಕಡತಗಳು ಒಂದಾಗಿಬಿಟ್ಟಿದ್ದವು. ಒಬ್ಬರಿಗೆ ಪೆನಿಸಿಲಿನ್ ಅಲರ್ಜಿ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ಬಾಯಲ್ಲಿ ಕೇಳಿದ್ದರಿಂದ ಆ ತಾಯಿ ಉಳಿದರು. ಪರದೆಯ ಮೇಲೆ ಅಲರ್ಜಿಯ ಸುದ್ದಿಯೇ ಇರಲಿಲ್ಲ.

2021ರಿಂದ ದೇಶದಾದ್ಯಂತ ಕೊಡಲಾಗುತ್ತಿರುವ 14 ಅಂಕಿಯ 'ಆಭಾ' ಸಂಖ್ಯೆ ಇದಕ್ಕೆ ಸ್ವಲ್ಪ ನೆರವಾಗಬಹುದು. ಆದರೆ ನೋಂದಣಿಯ ಸಮಯದಲ್ಲಿ ತಪ್ಪು ಬರೆದರೆ ಸಂಖ್ಯೆಯೂ ತಪ್ಪು ಮನುಷ್ಯನಿಗೇ ಅಂಟಿಕೊಳ್ಳುತ್ತದೆ. ಆದ್ದರಿಂದ ಹಳೆಯ ರಿಜಿಸ್ಟರುಗಳನ್ನು ಒಂದೊಂದಾಗಿ ಕೂತು ಸರಿಪಡಿಸುವ ಕೆಲಸ ಯಂತ್ರ ಕೊಳ್ಳುವುದಕ್ಕಿಂತ ಮುಂಚಿನದು. ಇದಕ್ಕೆ ಹಣ ಬೇಡ, ತಾಳ್ಮೆ ಬೇಕು. ಮನೆಯವರ ಹೆಸರು, ಊರು, ಫೋನು ಎಲ್ಲವನ್ನೂ ರೋಗಿಯಿಂದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಮಹಿಳೆಯರ ವಿವರಗಳನ್ನು ಕೇಳಲು ವಿದ್ಯಾರ್ಥಿನಿಯರು ಮುಂದೆ ಬಂದರೆ ಒಳ್ಳೆಯದು. ಆದರೆ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಒಬ್ಬ ಹುಡುಗಿಯ ಕ್ಷಯರೋಗದ ವಿಚಾರ ಊರಲ್ಲಿ ಹರಡಿದರೆ ಅವಳ ಮದುವೆಯ ಮಾತು ನಿಂತೀತು ಎಂಬುದು ನಮಗೆ ತಿಳಿಯದ್ದಲ್ಲ.

ಸಮಿತಿಯವರಲ್ಲಿ ನನ್ನದು ಒಂದೇ ಬೇಡಿಕೆ. ಕೊಟೇಶನ್ ತರಿಸುವುದನ್ನು ಆರು ತಿಂಗಳು ಮುಂದಕ್ಕೆ ಹಾಕಿ. ಅಷ್ಟರಲ್ಲಿ, ರಾತ್ರಿ ಪಾಳಿಯ ನರ್ಸ್ ಮತ್ತು ಔಷಧಿ ಕೊಡುವ ಹುಡುಗನನ್ನು ಸಮಿತಿಯ ಸಭೆಗೆ ಕರೆದು ಕೂರಿಸಿ, ಕರೆಂಟು ಹೋದ ರಾತ್ರಿ ಏನು ಮಾಡುತ್ತೀರಿ ಎಂದು ಕೇಳಿ. ವರ್ಷದ ನಿರ್ವಹಣಾ ಖರ್ಚನ್ನು ಎರಡನೆಯ, ಮೂರನೆಯ ವರ್ಷವೂ ಯಾರು ಕೊಡುತ್ತಾರೆ ಎಂದು ಲಿಖಿತವಾಗಿ ಬರೆದಿಡಿ. ಮೊದಲ ವರ್ಷಕ್ಕೆ ದಾನಿಗಳು ಸಿಗುತ್ತಾರೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ನಾಲ್ಕೈದು ಮಂದಿ ಸೋಮವಾರ ಮತ್ತು ಗುರುವಾರ ಚಿಕಿತ್ಸಾಲಯದ ಬಾಗಿಲಲ್ಲಿ ಗಡಿಯಾರ ಹಿಡಿದು ಕುಳಿತುಕೊಳ್ಳಿ. ಒಬ್ಬ ರೋಗಿ ಒಳಗೆ ಬಂದು ಔಷಧಿ ಹಿಡಿದು ಹೊರಗೆ ಹೋಗುವವರೆಗೆ ಎಲ್ಲೆಲ್ಲಿ ಎಷ್ಟು ನಿಮಿಷ ನಿಂತರು, ಎಷ್ಟು ಸಲ ತಮ್ಮ ಹೆಸರು ಹೇಳಿದರು ಎಂದು ಬರೆದುಕೊಳ್ಳಿ. ವಿಜ್ಞಾನ ವಿಭಾಗದವರು ಬೋರ್‌ವೆಲ್ಲಿನ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳುಹಿಸಿ. ಏಪ್ರಿಲ್‌ನಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಜುಲೈಯಲ್ಲಿ ಇನ್ನೊಮ್ಮೆ. ಬೇಸಿಗೆಯ ನೀರೂ ಮಳೆಗಾಲದ ನೀರೂ ಒಂದೇ ಅಲ್ಲ. ಎರಡೂ ವರದಿ ಬಂದ ಮೇಲೆ ನನಗೆ ಫೋನ್ ಮಾಡಿ, ನಾನೇ ಬಂದು ಜೊತೆಗೆ ಕೂರುತ್ತೇನೆ.