ಹಳಿಯ ಕೆಳಗಿನ ಜಲ್ಲಿ



ನಮ್ಮಲ್ಲಿ ಬಹುಮಂದಿ ರೈಲೇರಿಯೇ ಈ ಮುಂಬಯಿಗೆ ಬಂದವರು. ಗಾಡಿ ತಡವಾದರೆ ಗೊಣಗುವ ನಾವು ಹಳಿಯ ಕೆಳಗಿನ ಜಲ್ಲಿಯನ್ನು ನೆನೆಯುವುದುಂಟೇ? ಗಾಡಿಗಳು ಓಡಿದಷ್ಟೂ ಜಲ್ಲಿ ಸಡಿಲಿ, ಹಳಿ ಅಲ್ಲಲ್ಲಿ ತಗ್ಗುತ್ತದೆ. ಹಿಂದೆ ಗ್ಯಾಂಗ್‌ಮನ್ನರು ಸಾಲಾಗಿ ನಿಂತು, ಬೀಟರಿನಿಂದ ಬಡಿಬಡಿದು, ಜಲ್ಲಿಯನ್ನು ಸ್ಲೀಪರಿನಡಿಗೆ ತುರುಕುತ್ತಿದ್ದರು. 1960ರ ದಶಕದಲ್ಲಿ ನಮ್ಮ ದೇಶದಲ್ಲಿ ಟ್ಯಾಂಪಿಂಗ್ ಯಂತ್ರಗಳು ಬಳಕೆಗೆ ಬಂದವು. ಈ ಯಂತ್ರ ಹಳಿಯನ್ನೆತ್ತಿ ಹಿಡಿದು, ಕಂಪಿಸುವ ಉಕ್ಕಿನ ಬೆರಳುಗಳನ್ನು ಜಲ್ಲಿಗಿಳಿಸಿ, ಎರಡೂ ಕಡೆಯಿಂದ ಹಿಸುಕುತ್ತದೆ. ಮರದ ಸ್ಲೀಪರು ಹೋಗಿ, 250 ಕಿಲೋ ಮೀರಿದ ಕಾಂಕ್ರೀಟಿನದು ಬಂದ ಮೇಲಂತೂ ತೋಳಿನ ಬಲ ಸಾಲದಾಯಿತು. ಜಲ್ಲಿಯನ್ನು ಜರಡಿ ಹಿಡಿಯುವ ಯಂತ್ರವೂ ಬಂದಿತು. ಆದರೂ ಮಳೆಗಾಲದ ರಾತ್ರಿ ಊರಿಗೆ ಹೊರಟ ನಾವು ಗಾಡಿಯಲ್ಲಿ ನಿದ್ರಿಸುವಾಗ, ಕೊಂಕಣದ ಹಳಿಯ ಮೇಲೆ ದೀಪ ಹಿಡಿದ ಗಸ್ತಿನವನೊಬ್ಬ ನಡೆಯುತ್ತಿರುತ್ತಾನೆ.