ಕೇಳಿದಷ್ಟೂ ಸವೆಯುವ ಪ್ಲೇಟು

ಫೋರ್ಟ್‌ನಲ್ಲಿ ಸ್ವಲ್ಪ ಹಳಬರಾದವರಿಗೆ ಕಾಲಾ ಘೋಡಾದ ರಿದಂ ಹೌಸ್ ನೆನಪಿರುತ್ತೆ. 2016ರಲ್ಲಿ ಬಾಗಿಲು ಹಾಕಿತು. ಅದರ ಮುಂದೆ ಹಾದುಹೋಗುವಾಗ ನಾವು ಕ್ಯಾಸೆಟ್, ಸೀಡಿ ಅಂತ ನಿಟ್ಟುಸಿರು ಬಿಡ್ತೀವಿ. ನಾನು ಇವತ್ತು ಹೇಳೋದು ಅದಕ್ಕೂ ಹಿಂದಿನ ಸರಕು: ಕೀಲಿ ತಿರುಗಿಸುವ ಗ್ರಾಮಾಫೋನು, ಅರಗಿನ ಪ್ಲೇಟು.

ಶೋಕಿ ಶುರುವಾದವರು ಮೊದಲು ಓಡೋದು ಚೋರ್ ಬಜಾರಿಗೆ. ಥಳಥಳ ಹೊಳೆಯುವ ಹಿತ್ತಾಳೆ ಕೊಂಬು, ನಾಯಿ ಚಿತ್ರದ ಪೆಟ್ಟಿಗೆ, "ನೂರು ವರ್ಷ ಹಳೇದು ಸಾಬ್". ಅದರಲ್ಲಿ ಬಹಳಷ್ಟು ಹೊಸ ಪೆಟ್ಟಿಗೆ, ಹೊಸ ಕೊಂಬಿಗೆ ಯಾವುದೋ ಸೂಟ್‌ಕೇಸ್ ಗ್ರಾಮಾಫೋನಿನ ಮೋಟಾರು ಕೂಡಿಸಿದ್ದು. ಹಾಲ್‌ನಲ್ಲಿ ಅಲಂಕಾರಕ್ಕೆ ಇಟ್ಕೊಳ್ಳಿ, ನನ್ನ ತಕರಾರಿಲ್ಲ. ಪುರಾತನ ವಸ್ತುವಿನ ಬೆಲೆ ಮಾತ್ರ ಕೊಡಬೇಡಿ. ಅಜ್ಜನ ಕಾಲದ ಪ್ಲೇಟನ್ನಂತೂ ಅದರ ಮೇಲೆ ಇಡಲೇಬೇಡಿ.

ಯಾಕೆ? ಆ ಪ್ಲೇಟು ಅರಗು ಮತ್ತು ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು. ಕಲ್ಲಿನ ಪುಡಿ ಉಕ್ಕಿನ ಮುಳ್ಳನ್ನು ಉಜ್ಜಿ ಗೀರಿನ ಆಕಾರಕ್ಕೆ ತರುತ್ತೆ. ಅದಕ್ಕೇ ಒಂದೊಂದು ಬದಿಗೂ ಹೊಸ ಮುಳ್ಳು ಹಾಕಬೇಕು. ಮೇಲಿಂದ ನೂರು ಗ್ರಾಂಗೂ ಹೆಚ್ಚು ಭಾರ. ಈಗಿನ ಟರ್ನ್‌ಟೇಬಲ್‌ನಲ್ಲಿ ಇದು ಕೆಲವೇ ಗ್ರಾಂ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರತಿ ರೀಡ್ ಆಪರೇಷನ್ನೂ ಸ್ವಲ್ಪ ಡೇಟಾ ಅಳಿಸುತ್ತೆ. ಬ್ಯಾಕಪ್ ಎಲ್ಲಿದೆ? ಬಹಳ ಸಲ ಎಲ್ಲೂ ಇಲ್ಲ.

ನನಗೆ ಹುಚ್ಚು ಹಿಡಿದಿದ್ದು ಅಮೆರಿಕದ ರ್‍ಯಾಗ್‌ಟೈಮ್‌ನಿಂದ. ಅದು ಪಿಯಾನೋ ಸಂಗೀತ. ಆದರೆ ಮೊದಮೊದಲ ರೆಕಾರ್ಡುಗಳಲ್ಲಿ ಬ್ಯಾಂಜೋ ಜಾಸ್ತಿ. ಆಗ ಮೈಕ್ ಇರಲಿಲ್ಲ. ಕೊಂಬಿನ ಮುಂದೆ ನುಡಿಸಬೇಕು, ಪಿಯಾನೋ ಮಂಕಾಗಿ ಬರುತ್ತಿತ್ತು, ಬ್ಯಾಂಜೋ ಚುರುಕಾಗಿ ಕೇಳುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದೂ ಇಂಥದೇ ಕೊಂಬಿನೊಳಗೆ. ಮೂರೇ ನಿಮಿಷದಲ್ಲಿ ಹಾಡು ಮುಗಿಸಿ ಕೊನೆಗೆ ತಮ್ಮ ಹೆಸರನ್ನೂ ಹೇಳುತ್ತಿದ್ದರು. ಅವರು ಕೊನೆಯ ದಿನ ಕಳೆದದ್ದು ನಮ್ಮ ಮೈಸೂರಿನಲ್ಲಿ, ಅರಮನೆ ಆಶ್ರಯದಲ್ಲಿ; ತೀರಿಕೊಂಡಿದ್ದು 1930ರಲ್ಲಿ.

ಇನ್ನೊಂದು ವಿಷಯ, ಇದನ್ನು ಯೂಟ್ಯೂಬಿಗೆ ಹಾಕುವವರೂ ಮರೀತಾರೆ. 78 ಸುತ್ತು ಅನ್ನೋದು ಆಮೇಲೆ ಗಟ್ಟಿಯಾದ ಸಂಖ್ಯೆ. ಆರಂಭದ ಪ್ಲೇಟುಗಳ ವೇಗ ಒಂದೊಂದು ಥರ. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತೆ. ಗಾಯಕಿಗೆ ಕೀರಲು ದನಿ ಅಂತ ನಾವು ಸರ್ಟಿಫಿಕೇಟ್ ಕೊಟ್ಟುಬಿಡ್ತೀವಿ, ಪಾಪ.

ಈಗ ಊರಿನ ಅಟ್ಟದ ಮಾತು. ಮನೆ ಕೆಡವಿ ಫ್ಲ್ಯಾಟ್ ಕಟ್ಟುವಾಗ ಮೊದಲು ಗುಜರಿಗೆ ಹೋಗೋದು ಇವೇ. ನಾಟಕ ಕಂಪನಿ ಕಾಲದ ಸೆಟ್ಟುಗಳಲ್ಲಿ ಕಥೆ ಹಲವು ಪ್ಲೇಟುಗಳಿಗೆ ಹಂಚಿರುತ್ತೆ. ಒಂದು ಒಡೆದರೆ ಕಥೆಯಲ್ಲೇ ತೂತು. ಹಬ್ಬಕ್ಕೆ ಹೋದಾಗ ಅಪ್ಪ-ಅಮ್ಮನ್ನ ಒಂದು ಮಾತು ಕೇಳಿ. ಸಿಕ್ಕರೆ ನೇರವಾಗಿ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಸ್ಪಿರಿಟ್, ಸ್ಯಾನಿಟೈಜರ್ ಹಾಕಿ ಒರೆಸಲೇಬೇಡಿ, ಅರಗು ಕರಗುತ್ತೆ. ಎಲ್‌ಪಿ ಮುಳ್ಳೂ ಬೇಡ. ಅದು ತೀರಾ ಸಣ್ಣದು, ಗೀರಿನ ತಳಕ್ಕೆ ಇಳಿದು ಕಸ ಕೆರೆಯುತ್ತೆ. 78ಕ್ಕೆಂದೇ ಇರುವ ಅಗಲದ ಮುಳ್ಳು ಹಾಕಿ ಒಂದು ಸಲ ಸರಿಯಾಗಿ ರೆಕಾರ್ಡ್ ಮಾಡಿ, ಆಮೇಲೆ ಆ ಫೈಲನ್ನೇ ಎಷ್ಟು ಬೇಕಾದ್ರೂ ಕೇಳಿ. ಲೇಬಲ್ ಫೋಟೋ ತೆಗೆಯುವಾಗ ಅದರ ಪಕ್ಕದ ಕಪ್ಪು ಜಾಗದಲ್ಲಿ ಒತ್ತಿರುವ ಸಂಖ್ಯೆಯೂ ಕಾಣುವ ಹಾಗೆ ಬೆಳಕನ್ನು ಓರೆಯಾಗಿ ಬಿಡಿ.